ಎಲ್‌ಎಸ್50 ಕೊಟ್ಟು ಮೆಟಾ ತರುವ ಮುಂಚೆ

ಪ್ರಶ್ನೆ: ಸರ್, 2015ರಲ್ಲಿ ಆಸೆಪಟ್ಟು ಒಂದು ಜೊತೆ ಕೆಇಎಫ್ ಎಲ್‌ಎಸ್50 ಸ್ಪೀಕರ್ ಕೊಂಡಿದ್ದೆ. ನಮ್ಮದು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್. ಹಾಲ್ 11 ಅಡಿ ಅಗಲ, 14 ಅಡಿ ಉದ್ದ, 10 ಅಡಿ ಎತ್ತರ. ಕೆಳಗೆ ವಿಟ್ರಿಫೈಡ್ ಟೈಲ್ಸ್, ಎಡಗಡೆ ಬಾಲ್ಕನಿಯ ಗಾಜಿನ ಬಾಗಿಲು. ಸ್ಪೀಕರ್‌ಗಳು ಟಿವಿ ಶೋಕೇಸಿನ ಮೇಲೆ ಗೋಡೆಗೆ ತಾಗಿಕೊಂಡೇ ಇವೆ. ಸೋಫಾ ಎದುರು ಗೋಡೆಗೆ ಒರಗಿದೆ. 60 ವಾಟ್ ಆಂಪ್ಲಿಫೈಯರ್ ಇದೆ. ಕೇಳುವುದು ಜಾಸ್ತಿ ಹಿಂದೂಸ್ತಾನಿ ಗಾಯನ, ವೀಣೆ, ಹಳೆಯ ಚಿತ್ರಗೀತೆ. ನನಗೆ ಮೂರು ತೊಂದರೆ. ತಬಲಾದ ಎಡಗೈ ಬೋಲ್‌ಗಳಲ್ಲಿ ಕೆಲವು ಮಾತ್ರ ಗುಂಯ್ ಎನ್ನುತ್ತವೆ. ಬೇಸ್‌ಗೆ ಆಳ ಇಲ್ಲ. ವಾಲ್ಯೂಮ್ ಏರಿಸಿದರೆ ಗಾಯಕರು ತಾರಸ್ಥಾಯಿಗೆ ಹೋದಾಗ ದನಿ ಕಿವಿಗೆ ಚುಚ್ಚುತ್ತದೆ, ಅರ್ಧ ಗಂಟೆಗೆ ಸಾಕೆನಿಸುತ್ತದೆ. ಮೊನ್ನೆ ಶೋರೂಮಿನಲ್ಲಿ ಎಲ್‌ಎಸ್50 ಮೆಟಾ ಕೇಳಿದೆ, ಬಹಳ ಹಿಡಿಸಿತು. ಅಂಗಡಿಯವರು ಆಂಪ್, ಕೇಬಲ್ ಎರಡನ್ನೂ ಬದಲಾಯಿಸಲೇಬೇಕು, 100 ಗಂಟೆ ನುಡಿಸಿ ಪಳಗಿಸುವ ಬರ್ನ್ ಇನ್ ಆಗಬೇಕು ಎನ್ನುತ್ತಾರೆ. ಗೆಳೆಯನೊಬ್ಬ ಹೊಸದು ಯಾಕೆ, ಒಳಗಿನ ಕ್ರಾಸೋವರ್ (ಕೆಳಗಿನ, ಮೇಲಿನ ಸ್ವರಗಳನ್ನು ಬೇರ್ಪಡಿಸುವ ಸರ್ಕ್ಯೂಟ್) ಕೆಪ್ಯಾಸಿಟರ್ ಬದಲಾಯಿಸು ಸಾಕು ಎನ್ನುತ್ತಾನೆ. ನಮ್ಮ ಭಾವನವರು ನೆಲದ ಮೇಲೇ ನಿಲ್ಲುವ ದೊಡ್ಡ ಫ್ಲೋರ್‌ಸ್ಟ್ಯಾಂಡರ್ ತಗೋ ಅಂತಾರೆ. ನಾನು ಏನು ಮಾಡಲಿ?

ಉತ್ತರ: ಕೋಣೆಯ ಅಳತೆ, ಸ್ಪೀಕರ್ ಇಟ್ಟ ಜಾಗ, ಸೋಫಾ ಎಲ್ಲಿದೆ ಎಲ್ಲ ಬರೆದು ಒಳ್ಳೆಯದು ಮಾಡಿದಿರಿ. ನನಗೆ ಪತ್ರ ಬರೆಯುವವರಲ್ಲಿ ಹೆಚ್ಚಿನವರು ಮಾಡೆಲ್ ಹೆಸರು ಬರೆದು ಸುಮ್ಮನಾಗುತ್ತಾರೆ. ಅಳತೆ ಇಲ್ಲದೆ ಸ್ಪೀಕರ್ ಬಗ್ಗೆ ಏನು ಹೇಳಿದರೂ ಅದು ಅಂದಾಜು ಅಷ್ಟೇ.

ವಿಷಯಕ್ಕೆ ನೇರವಾಗಿ ಬರುತ್ತೇನೆ. ಗುಂಯ್ ಎನ್ನುವುದು ನಿಮ್ಮ ಸ್ಪೀಕರ್ ಅಲ್ಲ, ನಿಮ್ಮ ಹಾಲ್. ಮೆಟಾ ತಂದು ಅದೇ ಶೋಕೇಸಿನ ಮೇಲೆ ಇಟ್ಟರೆ ಆ ಗುಂಯ್ ಹಾಗೇ ಇರುತ್ತದೆ. ಆಳದ ಬೇಸ್ ಇಲ್ಲ ಎನ್ನುವುದು ನಿಜ, ಆದರೆ ಅದನ್ನು ಮೆಟಾ ತಂದುಕೊಡುವುದಿಲ್ಲ. ದನಿ ಚುಚ್ಚುವ ವಿಷಯದಲ್ಲಿ ಮಾತ್ರ ಮೆಟಾದಿಂದ ನಿಜವಾದ ಲಾಭ ಇದೆ. ಅಲ್ಲೂ ಪೂರ್ತಿ ತಪ್ಪು ಹಳೆಯ ಸ್ಪೀಕರಿನದ್ದಲ್ಲ. ಹಾಗಾಗಿ ದುಡ್ಡು ಯಾವ ಕ್ರಮದಲ್ಲಿ ಖರ್ಚು ಮಾಡುತ್ತೀರಿ ಅನ್ನುವುದು ಯಾವ ಮಾಡೆಲ್ ಕೊಳ್ಳುತ್ತೀರಿ ಅನ್ನುವುದಕ್ಕಿಂತ ಮುಖ್ಯ.

ಹಳೆಯದಕ್ಕೂ ಮೆಟಾಗೂ ಇರುವ ವ್ಯತ್ಯಾಸ

ಕೆಇಎಫ್ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಮೇಡ್‌ಸ್ಟನ್‌ನಲ್ಲಿ 1961ರಲ್ಲಿ ಶುರುವಾದ ಕಂಪನಿ, ಸ್ಥಾಪಕರು ರೇಮಂಡ್ ಕುಕ್. ಎಪ್ಪತ್ತರ ದಶಕದಲ್ಲಿ ಬಿಬಿಸಿಯವರು ಹೊರಾಂಗಣ ಪ್ರಸಾರದ ವ್ಯಾನುಗಳಿಗೆ ಅಂತ ಎಲ್‌ಎಸ್3/5ಎ ಎಂಬ ಪುಟ್ಟ ಮಾನಿಟರ್ ಸ್ಪೀಕರ್ ರೂಪಿಸಿದರು. ವ್ಯಾನಿನ ಇಕ್ಕಟ್ಟಿನಲ್ಲಿ ಕೂತು ಮಾತಿನ ಗುಣಮಟ್ಟ ತೂಗಿ ನೋಡಬೇಕಿತ್ತು, ಅದಕ್ಕೆ ಚಿಕ್ಕ ಪೆಟ್ಟಿಗೆ. ಅದರೊಳಗಿನ ಬಿ110 ವೂಫರ್ (ಕೆಳಗಿನ ಸ್ವರಕ್ಕೆ), ಟಿ27 ಟ್ವೀಟರ್ (ಮೇಲಿನ ಸ್ವರಕ್ಕೆ) ಎರಡೂ ಕೆಇಎಫ್‌ನವು. ಅದೇ ದಾರಿಯಲ್ಲಿ, ಕಂಪನಿಗೆ 50 ವರ್ಷ ತುಂಬಿದ ನೆನಪಿಗೆ 2012ರಲ್ಲಿ ಬಂದದ್ದು ನಿಮ್ಮ ಎಲ್‌ಎಸ್50. ಇದರ ಮರ್ಮ ಯೂನಿ-ಕ್ಯೂ ಡ್ರೈವರ್, ಅಂದರೆ ಸದ್ದು ಹೊರಡಿಸುವ ಭಾಗ. 130 ಮಿಲಿಮೀಟರ್ ಕೋನ್‌ನ ನಟ್ಟನಡುವೆಯೇ 25 ಮಿಲಿಮೀಟರ್ ಅಲ್ಯೂಮಿನಿಯಂ ಟ್ವೀಟರ್ ಕೂತಿರುತ್ತದೆ. ಕೆಳಗಿನ ಸ್ವರವೂ ಮೇಲಿನ ಸ್ವರವೂ ಒಂದೇ ಬಿಂದುವಿನಿಂದ ಹೊರಟು ಕಿವಿಗೆ ಬರುತ್ತವೆ. ಒಬ್ಬರೇ ಗಾಯಕರು ಎದುರು ಕೂತಂತೆ ಚಿತ್ರ ಕಟ್ಟುವುದರಲ್ಲಿ ಎಲ್‌ಎಸ್50 ಇಷ್ಟು ಹೆಸರು ಮಾಡಿದ್ದು ಇದರಿಂದಲೇ.

2020ರಲ್ಲಿ ಮೆಟಾ ಬಂತು. ಪೆಟ್ಟಿಗೆ ನೋಡಲು ಹೆಚ್ಚುಕಡಿಮೆ ಅದೇ. ತೂಕ 7.2 ಕಿಲೋದಿಂದ 7.8ಕ್ಕೆ ಏರಿತು. ಬದಲಾದದ್ದು ಡ್ರೈವರಿನ ಹಿಂದೆ. ಟ್ವೀಟರ್ ಡೋಮ್ ಮುಂದಕ್ಕೆ ಎಷ್ಟು ಸದ್ದು ತಳ್ಳುತ್ತದೋ ಹಿಂದಕ್ಕೂ ಅಷ್ಟೇ ತಳ್ಳುತ್ತದೆ. ಆ ಹಿಂದಿನ ಸದ್ದು ಒಳಗೆಲ್ಲೋ ತಗುಲಿ ವಾಪಸು ಬಂದು, ತೆಳ್ಳಗಿನ ಡೋಮ್ ಮೂಲಕವೇ ಕ್ಷಣದಷ್ಟು ತಡವಾಗಿ ಹೊರಗೆ ಬೀಳುತ್ತದೆ. ಮೂಲ ಸ್ವರದ ಜೊತೆ ಬೆರೆತು ಅದನ್ನು ಒರಟು ಮಾಡುತ್ತದೆ. ಮೆಟಾದಲ್ಲಿ ಟ್ವೀಟರಿನ ಬೆನ್ನಿಗೆ ಪ್ಲಾಸ್ಟಿಕ್‌ನ ಚಕ್ರವ್ಯೂಹದಂಥ ಒಂದು ಬಿಲ್ಲೆ ಇದೆ. ಅದರ ತುಂಬ ಬೇರೆ ಬೇರೆ ಉದ್ದದ ಕಿರು ಓಣಿಗಳು. ಪ್ರತಿ ಓಣಿಯೂ ತನ್ನ ಉದ್ದಕ್ಕೆ ತಕ್ಕ ಒಂದು ಕಂಪನಾಂಕವನ್ನು (ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ, ಅದರ ಅಳತೆ ಹರ್ಟ್ಸ್) ನುಂಗುತ್ತದೆ. ಎಲ್ಲ ಸೇರಿ 620 ಹರ್ಟ್ಸ್‌ನಿಂದ ಮೇಲಕ್ಕೆ ಹಿಂದಿನ ಸದ್ದಿನ 99 ಶೇಕಡಾ ಇಂಗಿಸುತ್ತವೆ ಅಂತ ಕಂಪನಿಯ ಮಾತು. ಇದರ ಜೊತೆಗೆ ಡ್ರೈವರಿನ ಮೋಟಾರು, ಕೋನ್ ಮತ್ತು ವಾಯ್ಸ್ ಕಾಯಿಲ್ ಕೂಡುವ ಜಾಗ, ಕ್ರಾಸೋವರ್ ಎಲ್ಲವನ್ನೂ ತಿದ್ದಿದ್ದಾರೆ. ಹಳೆಯದರಲ್ಲಿ 2,000 ಹರ್ಟ್ಸ್ ಆಸುಪಾಸು ಸ್ವಲ್ಪ ಉಬ್ಬು ಇತ್ತು, ಅಂದರೆ ಅಲ್ಲಿನ ಸ್ವರ ಬೇಕಾದ್ದಕ್ಕಿಂತ ಜೋರು. ಮನುಷ್ಯರ ಕಿವಿ ತುಂಬ ಚುರುಕಾಗುವ ಪಟ್ಟಿ ಶುರುವಾಗುವುದೇ ಅಲ್ಲಿಂದ. ಮೆಟಾದಲ್ಲಿ ಆ ಉಬ್ಬು ತಗ್ಗಿದೆ.

ಇದು ಜಾಹೀರಾತಿನ ಮಾತಷ್ಟೇ ಅಲ್ಲ. ಎರಡೂ ಜೋಡಿಯನ್ನು ಒಂದೇ ಸ್ಟ್ಯಾಂಡಿನ ಮೇಲೆ, ಒಂದೇ ಸದ್ದಿನ ಮಟ್ಟದಲ್ಲಿ ಇಟ್ಟು ಕೇಳಿದಾಗ ಹೆಣ್ಣುದನಿಯ ತಾರಷಡ್ಜದಲ್ಲಿ, ಹಾರ್ಮೋನಿಯಂನ ಮೇಲಿನ ರೀಡುಗಳಲ್ಲಿ, ತಂಬೂರಿಯ ಜೀವಾಳಿಯ ಝೇಂಕಾರದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಹಳೆಯದರಲ್ಲಿ ಸ್ವರದ ಸುತ್ತ ಒಂದು ಸಣ್ಣ ಪುಡಿ ಇರುತ್ತದೆ, ಮೆಟಾದಲ್ಲಿ ಅದು ಉದುರಿಹೋಗಿರುತ್ತದೆ. ಗಂಟೆಗಟ್ಟಲೆ ಕೇಳುವವರಿಗೆ ಇದು ದೊಡ್ಡ ವಿಷಯ.

ಆದರೆ ಇನ್ನೊಂದು ಸಾಲು ನೋಡಿ. ಹಳೆಯ ಎಲ್‌ಎಸ್50 ಬೇಸ್ ಅಳತೆ: ಸದ್ದು 3 ಡೆಸಿಬೆಲ್ಲಿಗಿಂತ ಹೆಚ್ಚು ತಗ್ಗದೆ 79 ಹರ್ಟ್ಸ್‌ವರೆಗೆ. ಮೆಟಾದ್ದು: ಅದೇ 79 ಹರ್ಟ್ಸ್. ಸೆನ್ಸಿಟಿವಿಟಿ, ಅಂದರೆ ಒಂದು ವಾಟಿಗೆ ಒಂದು ಮೀಟರಿನಲ್ಲಿ ಸಿಗುವ ಸದ್ದು, ಎರಡಕ್ಕೂ 85 ಡೆಸಿಬೆಲ್. ಕೋನ್ ಅಗಲ ಅಷ್ಟೇ, ಪೆಟ್ಟಿಗೆ ಅಷ್ಟೇ, ಹಾಗಾಗಿ ಬೇಸೂ ಅಷ್ಟೇ. ಶೋರೂಮಿನಲ್ಲಿ ನಿಮಗೆ ಮೆಟಾದಲ್ಲಿ ಬೇಸ್ ಚೆನ್ನಾಗಿದೆ ಅನ್ನಿಸಿದ್ದರೆ ಅದಕ್ಕೆ ಕಾರಣ ಅಲ್ಲಿನ ಸ್ಟ್ಯಾಂಡು, ಅಲ್ಲಿನ ಕಾರ್ಪೆಟ್ಟು, ಗೋಡೆಯಿಂದ ಬಿಟ್ಟಿದ್ದ ಅಂತರ.

ನಿಮ್ಮ ಹಾಲ್‌ನ ಲೆಕ್ಕ

ಎದುರು ಬದುರಿನ ಎರಡು ಗೋಡೆಗಳ ನಡುವೆ ಸದ್ದು ಹೋಗಿ ಬರುವಾಗ ಕೆಲವು ಕಂಪನಾಂಕಗಳು ಆ ದೂರಕ್ಕೆ ಸರಿಯಾಗಿ ಕೂತುಬಿಡುತ್ತವೆ. ಅವು ಜೋರಾಗಿ, ತಡವಾಗಿ ಆರುವ ಹಾಗೆ ಕೇಳಿಸುತ್ತವೆ. ನಿಮ್ಮ 14 ಅಡಿ ಉದ್ದಕ್ಕೆ ಮೊದಲನೆಯದು ಸುಮಾರು 40 ಹರ್ಟ್ಸ್, ಎರಡನೆಯದು 81. 11 ಅಡಿ ಅಗಲಕ್ಕೆ 51 ಮತ್ತು 103. ಎತ್ತರಕ್ಕೆ 57. ನಿಮ್ಮ ಸ್ಪೀಕರ್ 79ರ ಕೆಳಗೆ ಇಳಿಮುಖ ಆಗುವುದರಿಂದ 40, 51, 57 ಅಷ್ಟಾಗಿ ಕಾಡುವುದಿಲ್ಲ. 81 ಮತ್ತು 103 ಮಾತ್ರ ಎದ್ದು ಕೂರುತ್ತವೆ.

ಈಗ ತಬಲಾದ ಎಡಗೈ ನೆನಪಿಸಿಕೊಳ್ಳಿ. ಎಡಗೈಯ ಡಗ್ಗಾ, ಅಂದರೆ ಬಾಯಾದ ಮೇಲೆ ಅಂಗೈ ಒತ್ತಿ ಜಾರಿಸಿದ ಹಾಗೆ ಸ್ವರ ಕೆಳಗಿನಿಂದ ಮೇಲಕ್ಕೆ ಸರಿಯುತ್ತದೆ. ಹಾಗೆ ಸರಿಯುವಾಗ 81 ಅಥವಾ 103ರ ಹತ್ತಿರ ಬಂದ ಘೆಕಾರ ಮಾತ್ರ ಹಾಲ್ ತುಂಬ ಊದಿಕೊಳ್ಳುತ್ತದೆ, ಪಕ್ಕದ್ದು ಸಪ್ಪೆಯಾಗುತ್ತದೆ. ಕೆಲವು ಬೋಲ್ ಮಾತ್ರ ಗುಂಯ್ ಎನ್ನುತ್ತವೆ ಅಂತ ನೀವು ಬರೆದಿದ್ದೀರಲ್ಲ, ಅದು ಕೋಣೆಯ ಕೆಲಸಕ್ಕೆ ಪಕ್ಕಾ ಗುರುತು. ಸ್ಪೀಕರಿನದ್ದೇ ದೋಷ ಆಗಿದ್ದರೆ ಜಾಗ ಬದಲಿಸಿ ಕೂತರೂ ಅದೇ ಬೋಲ್ ಅಷ್ಟೇ ಊದಬೇಕು. ಒಮ್ಮೆ ಸೋಫಾದಿಂದ ಎದ್ದು ಮೂರು ಹೆಜ್ಜೆ ಮುಂದೆ ಬಂದು ನಿಂತು ಕೇಳಿ. ಗುಂಯ್ ತಗ್ಗಿರುತ್ತದೆ.

ಇದಕ್ಕೆ ಇಂಬು ಕೊಡುತ್ತಿರುವುದು ಮೂರು ಸಂಗತಿ. ಸೋಫಾ ಗೋಡೆಗೆ ಒರಗಿದೆ, ಈ ಉಬ್ಬುಗಳೆಲ್ಲ ಗೋಡೆಯ ಬಳಿಯೇ ಅತಿ ಹೆಚ್ಚು. ಸ್ಪೀಕರ್ ಕೂಡ ಗೋಡೆಗೆ ತಾಗಿದೆ, ಹಿಂದಿರುವ ಗಾಳಿಕಿಂಡಿಗೆ (ಪೋರ್ಟ್) ಉಸಿರಾಡಲು ಜಾಗ ಇಲ್ಲ. ಮೂರನೆಯದು ಶೋಕೇಸ್. ಮೊಬೈಲಿನಲ್ಲಿ ಯಾವುದಾದರೂ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು ಅದನ್ನು ಆಂಪ್‌ಗೆ ಜೋಡಿಸಿ 100ರಿಂದ 200 ಹರ್ಟ್ಸ್‌ವರೆಗೆ ನಿಧಾನವಾಗಿ ಏರಿಸುತ್ತಾ ಹೋಗಿ. ವಾಲ್ಯೂಮ್ ಕಡಿಮೆ ಇರಲಿ. ಅಂಗೈಯನ್ನು ಶೋಕೇಸಿನ ಹಲಗೆಯ ಮೇಲೆ ಇಡಿ. ಒಂದೆರಡು ಕಡೆ ಹಲಗೆ ಕೈಗೆ ಜುಮ್ ಎನ್ನುತ್ತದೆ. ಗಾಜಿನ ಶಟರ್, ಒಳಗಿಟ್ಟ ಬಹುಮಾನದ ಶೀಲ್ಡು, ಫೋಟೋ ಫ್ರೇಮು ಸಣ್ಣಗೆ ಗಿಣಗಿಣ ಎನ್ನುವುದೂ ಕೇಳಿಸುತ್ತದೆ. ಸಂಗೀತ ಹಾಕಿದಾಗ ಇವೆಲ್ಲ ಪಕ್ಕವಾದ್ಯದ ಹಾಗೆ ಜೊತೆಗೆ ನುಡಿಯುತ್ತಿರುತ್ತವೆ. ಎಷ್ಟೇ ದುಬಾರಿ ಸ್ಪೀಕರ್ ತಂದಿಟ್ಟರೂ ಅವು ನುಡಿಯುವುದು ನಿಲ್ಲುವುದಿಲ್ಲ.

ದನಿ ಚುಚ್ಚುವುದರಲ್ಲೂ ಜಾಗದ ಪಾಲಿದೆ. ಸ್ಪೀಕರಿನ ಮುಖ ಹಿಂದಿನ ಗೋಡೆಯಿಂದ ಈಗ ಸುಮಾರು 28 ಸೆಂಟಿಮೀಟರ್ ಇದೆ, ಅಂದರೆ ಪೆಟ್ಟಿಗೆಯ ಆಳದಷ್ಟು. ಗೋಡೆಗೆ ಹೋಗಿ ವಾಪಸು ಬಂದ ಸದ್ದು 300 ಹರ್ಟ್ಸ್ ಆಸುಪಾಸಿನಲ್ಲಿ ಮೂಲ ಸದ್ದನ್ನು ಕಡಿದುಹಾಕುತ್ತದೆ. ಗಾಯಕರ ಎದೆದನಿಯ ತುಂಬುತನ ಇರುವುದೇ ಅಲ್ಲಿ. ಅದು ತೆಳುವಾದಾಗ ಮೇಲಿನ ಭಾಗ ಚೂಪಾಗಿ ಕೇಳಿಸುತ್ತದೆ. ಅದರ ಮೇಲೆ ಟಿವಿ ಗಾಜು, ಬಾಲ್ಕನಿ ಗಾಜು, ಬರೀ ಟೈಲ್ಸು. ಮೂರೂ ಮೇಲಿನ ಸ್ವರಗಳನ್ನು ಒಂದಿಷ್ಟೂ ಹೀರದೆ ವಾಪಸು ಎಸೆಯುತ್ತವೆ.

ಮೊದಲು ಮಾಡಬೇಕಾದ ಕೆಲಸ

ಇವು ಸ್ಟ್ಯಾಂಡಿನ ಮೇಲೆ ಕೂರಲಿಕ್ಕೆಂದೇ ಮಾಡಿದ ಸ್ಪೀಕರ್‌ಗಳು. ಬುಕ್‌ಶೆಲ್ಫ್ ಸ್ಪೀಕರ್ ಎಂದು ಮಾರುತ್ತಾರೆ, ಪುಸ್ತಕದ ಕಪಾಟಿಗೂ ಇವಕ್ಕೂ ಸಂಬಂಧ ಇಲ್ಲ. ಕಂಪನಿಯ ಸ್ಟ್ಯಾಂಡೇ ಬೇಕೆಂದಿಲ್ಲ. ನಿಮ್ಮ ಬಡಾವಣೆಯ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಮೂರು ಇಂಚಿನ ಚೌಕ ಪೈಪ್, ಕೆಳಗೆ 6 ಮಿಲಿಮೀಟರ್ ದಪ್ಪದ ಅಗಲ ಪ್ಲೇಟು, ಮೇಲೆ ಸ್ಪೀಕರಿನ ತಳದಷ್ಟು ಪ್ಲೇಟು ಹಾಕಿಸಿ ವೆಲ್ಡ್ ಮಾಡಿಸಿದರೆ ಆಯಿತು. ಎತ್ತರ 65ರಿಂದ 70 ಸೆಂಟಿಮೀಟರ್. ಕೂತಾಗ ಕಿವಿ ಡ್ರೈವರಿನ ನಡುವಿಗಿಂತ ಒಂದಿಷ್ಟು ಮೇಲಿದ್ದರೂ ಯೂನಿ-ಕ್ಯೂ ಸಹಿಸಿಕೊಳ್ಳುತ್ತದೆ, ವೂಫರ್ ಟ್ವೀಟರ್ ಬೇರೆ ಬೇರೆ ಇರುವ ಸ್ಪೀಕರ್‌ಗಳು ಅಷ್ಟು ಸಹಿಸುವುದಿಲ್ಲ. ಪೈಪಿನೊಳಗೆ ಮುಕ್ಕಾಲು ಭಾಗ ಒಣ ಮರಳು ತುಂಬಿಸಿ. ಮರಳು ಚೆನ್ನಾಗಿ ಒಣಗಿರಲಿ, ಇಲ್ಲದಿದ್ದರೆ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಸ್ಪೀಕರ್ ಮತ್ತು ಪ್ಲೇಟಿನ ನಡುವೆ ನಾಲ್ಕು ಮೂಲೆಗೆ ಬ್ಲೂ ಟ್ಯಾಕ್ ಎಂಬ ಅಂಟಿನ ಉಂಡೆ. ಟೈಲ್ಸ್ ಮೇಲೆ ಚೂಪು ಸ್ಪೈಕ್ ಬೇಡ, ರಬ್ಬರ್ ಪ್ಯಾಡ್ ಸಾಕು. ಮನೆಯಲ್ಲಿ ಓಡಾಡುವ ಮಕ್ಕಳಿದ್ದರೆ ತಳದ ಪ್ಲೇಟು ಒಂದಡಿಗಿಂತ ಕಡಿಮೆ ಅಗಲ ಮಾಡಿಸಬೇಡಿ, ಏಳೆಂಟು ಕಿಲೋ ಭಾರ ಮೇಲ್ಗಡೆ ಇರುತ್ತದೆ.

ಇಡುವ ಜಾಗ ಹೀಗಿರಲಿ. ಪಕ್ಕದ ಗೋಡೆಯಿಂದ ಡ್ರೈವರಿನ ನಡುವಿಗೆ ಎರಡೂ ಮುಕ್ಕಾಲು ಅಡಿ. ಇದು ನಿಮ್ಮ 11 ಅಡಿ ಅಗಲದ ಸರಿಯಾದ ಕಾಲು ಭಾಗ. ಅಲ್ಲಿ ಇಟ್ಟಾಗ 103 ಹರ್ಟ್ಸ್‌ನ ಆ ಉಬ್ಬು ಏಳುವುದೇ ಇಲ್ಲ ಎನ್ನುವಷ್ಟು ತಗ್ಗುತ್ತದೆ. ಸ್ಪೀಕರಿನ ಹಿಂದಿನ ಗೋಡೆಯಿಂದ ಅದರ ಮುಖಕ್ಕೆ ಎರಡೂವರೆ ಅಡಿ. ನಿಮ್ಮ ಕಿವಿಗೂ ನಿಮ್ಮ ಬೆನ್ನ ಹಿಂದಿನ ಗೋಡೆಗೂ ನಡುವೆ ಕನಿಷ್ಠ ಎರಡೂವರೆ ಅಡಿ ಸಿಗುವಂತೆ ಸೋಫಾ ಮುಂದಕ್ಕೆ ತನ್ನಿ. 81 ಹರ್ಟ್ಸ್‌ನ ಒತ್ತಡ ಅಲ್ಲಿ ಗೋಡೆಯ ಬಳಿ ಇದ್ದುದರ ಅರ್ಧಕ್ಕಿಂತ ಕಡಿಮೆ. ಸೋಫಾ ಸರಿಸಲು ಮನೆಯವರು ಒಪ್ಪದಿದ್ದರೆ, ಮನಸಿಟ್ಟು ಕೇಳುವಾಗ ಮಾತ್ರ ಒಂದು ಕುರ್ಚಿ ಎಳೆದುಕೊಂಡು ಗೋಡೆಯಿಂದ ನಾಲ್ಕೂವರೆ ಅಡಿ ಮುಂದೆ ಕೂರಿ. ಆಗ ಸ್ಪೀಕರ್ ನಿಮ್ಮಿಂದ ಏಳೆಂಟು ಅಡಿ ದೂರ ಇರುತ್ತವೆ. ಎರಡು ಸ್ಪೀಕರಿನ ನಡುವಿನ ಅಂತರ ಐದೂವರೆ ಅಡಿ. ಚಿಕ್ಕ ಸ್ಟ್ಯಾಂಡ್‌ಮೌಂಟ್‌ಗೆ ಇದು ಹಿತವಾದ ಅಳತೆ. ಈ ಅಂಕಿಗಳು ಆರಂಭ ಮಾತ್ರ. ನೆಲದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಗುರುತು ಮಾಡಿಕೊಂಡು, ಒಂದೊಂದು ಸಲಕ್ಕೆ ಎರಡು ಇಂಚಿನಂತೆ ಸರಿಸುತ್ತಾ ಕೇಳಿ.

ನೆಲಕ್ಕೆ ಏನಾದರೂ ಹಾಸಲೇಬೇಕು. ನವಲಗುಂದದ ಜಮಖಾನ ನೋಡಲು ಸೊಗಸು, ಆದರೆ ಅದು ತೆಳುವಾದ ಹತ್ತಿ, ಟ್ರೆಬಲ್‌ನ ಮೇಲ್ತುದಿಯನ್ನು ಮಾತ್ರ ಹಿಡಿಯುತ್ತದೆ. ಅದರಡಿಗೆ ಒಂದು ದಪ್ಪ ಫೆಲ್ಟ್ ಅಥವಾ ಹಳೆಯ ಕಾರ್ಪೆಟ್ ಹಾಕಿದರೆ ಕೆಲಸ ಚೆನ್ನಾಗಿ ನಡೆಯುತ್ತದೆ. ಗಾಜಿನ ಬಾಗಿಲಿಗೆ ನೆರಿಗೆ ಜಾಸ್ತಿ ಇರುವ ದಪ್ಪ ಪರದೆ. ಎಷ್ಟೇ ದಪ್ಪ ಇದ್ದರೂ ಪರದೆಯಿಂದ ಬೇಸ್ ತಗ್ಗುವುದಿಲ್ಲ, ಆ ನಿರೀಕ್ಷೆ ಬೇಡ. ಇಷ್ಟು ಮಾಡಿ ಒಂದು ತಿಂಗಳು ಕೇಳಿ. ಅಳೆದೇ ನೋಡುವ ಆಸಕ್ತಿ ಇದ್ದರೆ ಯುಎಸ್‌ಬಿ ಮಾಪನ ಮೈಕ್ ಒಂದು, ರೂಮ್ ಇಕ್ಯೂ ವಿಝರ್ಡ್ ಎಂಬ ಉಚಿತ ಸಾಫ್ಟ್‌ವೇರ್ ಒಂದು ಸಾಕು. 81ರ ಗುಡ್ಡ ಕಂಪ್ಯೂಟರ್ ಪರದೆಯ ಮೇಲೆ ಕಣ್ಣಿಗೇ ಕಾಣಿಸುತ್ತದೆ.

ಆಂಪ್, ಕೇಬಲ್, ಬರ್ನ್ ಇನ್, ಕೆಪ್ಯಾಸಿಟರ್

ಆಂಪ್ ಬದಲಾಯಿಸಲೇಬೇಕು ಎನ್ನುವುದು ನಿಮ್ಮ ಸಂದರ್ಭಕ್ಕೆ ಹೊಂದುವುದಿಲ್ಲ. ಮೆಟಾಗೆ ಕಂಪನಿ ಹೇಳುವುದು 40ರಿಂದ 100 ವಾಟ್. ನಿಮ್ಮದು 60. 85 ಡೆಸಿಬೆಲ್ ಸ್ಪೀಕರಿಗೆ 60 ವಾಟ್ ಕೊಟ್ಟರೆ ಒಂದು ಮೀಟರಿನಲ್ಲಿ ಸುಮಾರು 103 ಡೆಸಿಬೆಲ್. ಏಳಡಿ ದೂರದಲ್ಲಿ ಎರಡೂ ಸೇರಿ 99ರ ಆಸುಪಾಸು. ಮನೆಯಲ್ಲಿ ಅದಕ್ಕಿಂತ ಜೋರಾಗಿ ಯಾರೂ ಗಾಯನ ಕೇಳುವುದಿಲ್ಲ. 60 ಬಿಟ್ಟು 120 ವಾಟ್ ತಂದರೂ ಹೆಚ್ಚಾಗುವುದು 3 ಡೆಸಿಬೆಲ್ ಮಾತ್ರ. ನೋಡಬೇಕಾದ ಅಂಕಿ ಬೇರೆ ಇದೆ. ಮೆಟಾವನ್ನು 8 ಓಮ್ ಎಂದು ಕರೆದರೂ ಅದರ ಕನಿಷ್ಠ ಇಂಪಿಡೆನ್ಸ್ (ಆಂಪಿಗೆ ಒಡ್ಡುವ ರೋಧ) 3.5 ಓಮ್. ನಿಮ್ಮ ಆಂಪ್‌ನ ಹಿಂದೆ 4 ಓಮ್ ಸ್ಪೀಕರ್‌ಗೆ ಸಲ್ಲುತ್ತದೆ ಎಂದು ಬರೆದಿದ್ದರೆ ನಿಶ್ಚಿಂತೆ. ಚಿಕ್ಕ ವಾಲ್ವ್ ಆಂಪ್ ಆಗಿದ್ದರೆ ಮಾತು ಬೇರೆ, ಅವಕ್ಕೆ ಇಂಥ ಲೋಡು ಹಿಡಿಸುವುದಿಲ್ಲ.

ಕೇಬಲ್ ಬಗ್ಗೆ ಒಂದೇ ಲೆಕ್ಕ. ಮನೆ ವೈರಿಂಗ್‌ಗೆ ಬಳಸುವ 2.5 ಸ್ಕ್ವೇರ್ ಎಂಎಂ ತಾಮ್ರದ ಮಲ್ಟಿಸ್ಟ್ರ್ಯಾಂಡ್ ವೈರ್ ನಾಲ್ಕು ಮೀಟರ್ ಹಾಕಿದರೆ ಹೋಗಿ ಬರುವ ದಾರಿ ಸೇರಿ ರೋಧ ಸುಮಾರು 0.06 ಓಮ್. 3.5 ಓಮ್ ಎದುರಿಗೆ ಅದು ಎರಡು ಶೇಕಡಾದಷ್ಟೂ ಇಲ್ಲ. ಅದರ ಮೇಲೆ ಸಾವಿರಗಟ್ಟಲೆ ಸುರಿಯುವ ಬದಲು ತುದಿಗಳನ್ನು ಚೆನ್ನಾಗಿ ಸುಲಿದು ಬನಾನಾ ಪ್ಲಗ್ ಹಾಕಿಸಿ. ಮಂಗಳೂರು, ಕಾರವಾರದ ಕಡೆಯವರಾದರೆ ವರ್ಷಕ್ಕೊಮ್ಮೆ ಆ ತುದಿ ಬಿಚ್ಚಿ ಒರೆಸಬೇಕು. ಉಪ್ಪುಗಾಳಿಗೆ ತಾಮ್ರ ಹಸಿರುಗಟ್ಟುತ್ತದೆ.

ಬರ್ನ್ ಇನ್ ಪೂರ್ತಿ ಸುಳ್ಳಲ್ಲ. ಹೊಸ ಕೋನ್‌ನ ರಬ್ಬರ್ ಅಂಚು, ಒಳಗಿನ ಸ್ಪೈಡರ್ ಎಂಬ ಸ್ಪ್ರಿಂಗಿನಂಥ ಭಾಗ ಶುರುವಿಗೆ ತುಸು ಬಿಗಿಯಾಗಿರುತ್ತವೆ, ಕೆಲವೇ ಗಂಟೆಗಳಲ್ಲಿ ಸಡಿಲಾಗುತ್ತವೆ. ಬದಲಾವಣೆ ಸಣ್ಣದು, ಅದೂ ಬೇಸ್ ಭಾಗದಲ್ಲಿ. ಚುಚ್ಚುವ ಟ್ರೆಬಲ್ 100 ಗಂಟೆ ಕಳೆದ ಮೇಲೆ ಮೆದುವಾಯಿತು ಎಂದರೆ ಹೊಂದಿಕೊಂಡದ್ದು ನಮ್ಮ ಕಿವಿ. ಈ ಮಾತಿನಿಂದ ಆಗುವ ನಷ್ಟ ಏನೆಂದರೆ, ವಾಪಸು ಕೊಡುವ ಗಡುವು ಅಷ್ಟರಲ್ಲಿ ಮುಗಿದಿರುತ್ತದೆ. ಮೊದಲ ವಾರದಲ್ಲೇ ಹಿಡಿಸದಿದ್ದರೆ ಆಗಲೇ ಹೇಳಿ.

ನಿಮ್ಮ ಗೆಳೆಯರ ಸಲಹೆ ಒಳ್ಳೆಯ ಮನಸ್ಸಿನದ್ದು, ಆದರೆ ನಾನು ಬೇಡ ಎನ್ನುತ್ತೇನೆ. 30–40 ವರ್ಷ ಹಳೆಯ ಸ್ಪೀಕರ್‌ಗಳಲ್ಲಿ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಒಣಗಿ ಮೌಲ್ಯ ಬದಲಾಗಿರುತ್ತದೆ, ಅಲ್ಲಿ ಬದಲಾಯಿಸುವುದು ಸರಿಯಾದ ರಿಪೇರಿ. ನಿಮ್ಮದು 2015ರದ್ದು. ಕೆಟ್ಟಿಲ್ಲದ ಭಾಗವನ್ನು ಅದೇ ಮೌಲ್ಯದ ದುಬಾರಿ ಭಾಗದಿಂದ ಬದಲಾಯಿಸಿದರೆ ಕೇಳಿಸುವ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಮೌಲ್ಯ ಅಥವಾ ಒಳರೋಧ ಆಚೀಚೆ ಆದರೆ ಎರಡೂ ಡ್ರೈವರ್ ಕೂಡುವ 2,000 ಹರ್ಟ್ಸ್ ಭಾಗವೇ ಕೆಡುತ್ತದೆ. ಎಡ ಬಲ ಎರಡರಲ್ಲೂ ಒಂದೇ ಥರ ಬರದಿದ್ದರೆ ಗಾಯಕರು ನಡುವಿನಿಂದ ಪಕ್ಕಕ್ಕೆ ಜರುಗುತ್ತಾರೆ. ಜೊತೆಗೆ, ಬಿಚ್ಚಿದ ಸ್ಪೀಕರಿಗೆ ಮಾರುವಾಗ ಬೆಲೆ ಬರುವುದಿಲ್ಲ. ಹಾಗೇ, ಮೆಟಾ ಡ್ರೈವರ್ ಮಾತ್ರ ತರಿಸಿ ಹಳೆಯ ಪೆಟ್ಟಿಗೆಗೆ ಕೂರಿಸುವ ಯೋಚನೆಯೂ ಬೇಡ. ಅದಕ್ಕೆ ಬೇರೆಯೇ ಕ್ರಾಸೋವರ್ ಇದೆ.

ತಿಂಗಳಾದ ಮೇಲೂ ಸಮಾಧಾನ ಇಲ್ಲದಿದ್ದರೆ

ಆಗ ಉಳಿದ ಕೊರತೆ ಯಾವುದು ಎಂದು ನೋಡಿ ಹೆಜ್ಜೆ ಇಡಿ.

ಬೇಸ್ ಹದಕ್ಕೆ ಬಂತು, ಆದರೆ ಮೇಲಿನ ಸ್ವರ ಇನ್ನೂ ದಣಿಸುತ್ತಿದೆ ಎಂದಾದರೆ ಮೆಟಾ ತನ್ನಿ. ನಿಮ್ಮ ಸಂಗೀತಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ. ಯಾಕೆ ಅಂತೀರಾ, ತಂಬೂರಿಯನ್ನೇ ತೆಗೆದುಕೊಳ್ಳಿ. ಒಂದೂವರೆ ಶ್ರುತಿ, ಹಿಂದೂಸ್ತಾನಿಯವರ ಕಪ್ಪು ಒಂದು, ಇಟ್ಟುಕೊಂಡ ಗಂಡುದನಿಯ ತಂಬೂರಿಯಲ್ಲಿ ಖರ್ಜದ, ಅಂದರೆ ಮಂದ್ರ ಷಡ್ಜದ, ತಂತಿ ಸುಮಾರು 69 ಹರ್ಟ್ಸ್. ನಿಮ್ಮ ಸ್ಪೀಕರಿನ ಎಲ್ಲೆಗಿಂತ ಕೆಳಗೆ. ಆದರೂ ಖರ್ಜ ನಿಮಗೆ ಸ್ಪಷ್ಟವಾಗಿ ಕೇಳುತ್ತದೆ, ಅಲ್ವಾ? ಆ ತಂತಿಯಲ್ಲಿ ಮೂಲ ಸ್ವರಕ್ಕಿಂತ ಅದರ ಜೊತೆಗೇ ಏಳುವ ಮೇಲಿನ ಉಪಸ್ವರಗಳದ್ದೇ ಬಲ. ವೀಣೆ, ತಂಬೂರಿಗಳ ಬಾಗಿದ ಕುದುರೆ (ತಂತಿಗಳನ್ನು ಹೊರುವ ತುಂಡು) ಈ ಉಪಸ್ವರಗಳನ್ನು ಹೇಗೆ ಎಬ್ಬಿಸುತ್ತದೆ ಎಂದು ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದರು. ನಮ್ಮ ಸಂಗೀತದ ನಾದ ಬಹುಪಾಲು ನಿಂತಿರುವುದು ಈ ನಡುವಿನ ಮತ್ತು ಮೇಲಿನ ಪಟ್ಟಿಯಲ್ಲಿ. ಮೆಟಾದ ಸುಧಾರಣೆಯೂ ಅಲ್ಲೇ ಆಗಿದೆ. ಬೇಸ್ ಹೆಚ್ಚು ಬೇಕಿಲ್ಲದ ಗಾಯನಪ್ರಿಯರಿಗೆ ನಾನು ಹಿಂದೆಮುಂದೆ ನೋಡದೆ ಹೇಳುವ ಸ್ಪೀಕರ್ ಇದು.

ಆಳ ಬೇಕೇ ಬೇಕು ಎಂದಾದರೆ ಸ್ಪೀಕರ್ ಹಾಗೇ ಇರಲಿ, ಒಂದು ಸಣ್ಣ ಮುಚ್ಚಿದ ಪೆಟ್ಟಿಗೆಯ ಸಬ್ ವೂಫರ್ ಸೇರಿಸಿ. ಒಂದು ಸ್ವರದ ಅರ್ಧ ಕಂಪನಾಂಕವನ್ನು ಅಷ್ಟೇ ಜೋರಾಗಿ ನುಡಿಸಲು ಕೋನ್ ನಾಲ್ಕು ಪಟ್ಟು ಓಡಾಡಬೇಕು. ಐದು ಇಂಚಿನ ಕೋನ್ 40 ಹರ್ಟ್ಸ್ ನುಡಿಸಲು ಹೆಣಗುತ್ತಿರುವಾಗ ಅದೇ ಕೋನ್ ಗಾಯಕರ ದನಿಯನ್ನೂ ಹೊತ್ತಿರುತ್ತದೆ, ಟ್ವೀಟರ್ ಬೇರೆ ಅದರ ನಡುವೆಯೇ ಇದೆ. 80 ಹರ್ಟ್ಸ್‌ನ ಕೆಳಗಿನದ್ದನ್ನು ಸ್ಪೀಕರಿಗೆ ಕಳಿಸದೆ ಸಬ್‌ಗೆ ಕೊಟ್ಟರೆ ದನಿಯೂ ಹಗುರಾಗುತ್ತದೆ. ಜೋರಾಗಿ ಇಟ್ಟಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಇದಕ್ಕೆ ಆಂಪ್‌ನಲ್ಲಿ ಹೀಗೆ ಕೆಳಗಿನದ್ದನ್ನು ತಡೆಯುವ ಹೈ ಪಾಸ್ ಸೌಲಭ್ಯ ಇರಬೇಕು. ಸುಮ್ನೆ ಸಬ್ ಜೋಡಿಸಿ ಸ್ಪೀಕರನ್ನು ಪೂರ್ತಿ ಓಡಿಸಿದರೆ ಅರ್ಧ ಲಾಭ ಮಾತ್ರ. ಆಂಪ್ ಬದಲಾಯಿಸಲು ನಾನು ಒಪ್ಪುವ ಕಾರಣ ಇದೊಂದೇ. ಅಪಾಯವೂ ಹೇಳಬೇಕು. 40 ಹರ್ಟ್ಸ್ ಕಾಂಕ್ರೀಟ್ ಸ್ಲ್ಯಾಬ್ ದಾಟಿ ಕೆಳಗಿನ ಮನೆಗೆ ಹೋಗುತ್ತದೆ. ಸಬ್ ಇಟ್ಟರೆ ರಾತ್ರಿ ಅದನ್ನು ಆರಿಸುವ ಅಭ್ಯಾಸ ಮಾಡಿಕೊಳ್ಳಿ. ಜೊತೆಗೆ, ಇಷ್ಟು ದಿನ ಮಲಗಿದ್ದ 40, 51, 57 ಹರ್ಟ್ಸ್‌ನ ಉಬ್ಬುಗಳೂ ಎದ್ದೇಳುತ್ತವೆ. ಹಾಗಾಗಿ ಸಬ್ ಎಲ್ಲಿಡಬೇಕು ಎಂದು ನಾಲ್ಕೈದು ಕಡೆ ಇಟ್ಟು ಕೇಳಿಯೇ ತೀರ್ಮಾನಿಸಬೇಕು.

ಎರಡೂ ಬೇಕು, ಸಬ್ ಬೇಡ, ಕೈಯಲ್ಲಿ ದುಡ್ಡಿದೆ ಎಂದರೆ ದೊಡ್ಡ ಸ್ಟ್ಯಾಂಡ್‌ಮೌಂಟ್‌ಗಳಿವೆ. ಅದೇ ಕಂಪನಿಯ ಆರ್3 ಮೆಟಾ 2023ರದ್ದು. ಬೇಸ್‌ಗೆ ಪ್ರತ್ಯೇಕ ಆರೂವರೆ ಇಂಚಿನ ಡ್ರೈವರ್ ಇರುವ ಮೂರು ದಾರಿಯ ಸ್ಪೀಕರ್, 58 ಹರ್ಟ್ಸ್‌ವರೆಗೆ ಇಳಿಯುತ್ತದೆ. ಇನ್ನೂ ಮೇಲೆ ಬೋವರ್ಸ್ ಅಂಡ್ ವಿಲ್ಕಿನ್ಸ್ 805 ಡಿ4 ಇದೆ, 2021ರದ್ದು, ವಜ್ರದ ಟ್ವೀಟರ್. ಅದರ ಸಿಗ್ನೇಚರ್ ರೂಪ 2023ರಲ್ಲಿ ಬಂತು. ಸಿಗ್ನೇಚರ್, ಆ್ಯನಿವರ್ಸರಿ ಎಂಬ ಹೆಸರಿನ ಮಾಡೆಲ್ ಯಾವುದೇ ಆಗಲಿ, ಒಳಗೆ ಏನು ಬದಲಾಗಿದೆ ಎಂದು ಕೇಳಿ. ಡ್ರೈವರ್, ಕ್ರಾಸೋವರ್ ಬದಲಾಗಿದ್ದರೆ ಕೂತು ಕೇಳಬೇಕು. ಬರೀ ಮರದ ಹೊಳಪು ಬದಲಾಗಿದ್ದರೆ ಕಣ್ಣಿಗೆ ಹಿಡಿಸಿದರೆ ಸಾಕು. ದೊಡ್ಡ ಸ್ಪೀಕರ್ ಎಂದರೆ ಬೇಸ್ ಜಾಸ್ತಿ, ಬೇಸ್ ಜಾಸ್ತಿ ಎಂದರೆ ನಿಮ್ಮ ಹಾಲ್‌ನ ಉಬ್ಬುಗಳಿಗೂ ಬಲ ಜಾಸ್ತಿ. ಭಾವನವರು ಹೇಳಿದ ಫ್ಲೋರ್‌ಸ್ಟ್ಯಾಂಡರ್ ನಿಮ್ಮ 11 ಅಡಿ ಅಗಲಕ್ಕೆ ನಾನು ಹೇಳುವುದಿಲ್ಲ. ಅವಕ್ಕೆ ಹಿಂದೆ ಮುಂದೆ ಬಿಡಬೇಕಾದ ಜಾಗ ನಿಮ್ಮಲ್ಲಿಲ್ಲ. ಎತ್ತರದ ವಿಶಾಲ ಹಾಲ್ ಇರುವ ಸ್ವಂತ ಮನೆಗೆ ಅವರ ಮಾತು ಸರಿ.

ಕೊಳ್ಳುವ ಮುಂಚೆ ಮೆಟಾವನ್ನು ಒಂದು ಶನಿವಾರ ಭಾನುವಾರದ ಮಟ್ಟಿಗೆ ಮನೆಗೆ ಕಳಿಸಿಕೊಡಿ ಎಂದು ಅಂಗಡಿಯವರನ್ನು ಕೇಳಿ. ಡಿಪಾಸಿಟ್ ಇಟ್ಟರೆ ಎಷ್ಟೋ ಅಂಗಡಿಯವರು ಒಪ್ಪುತ್ತಾರೆ. ನಿಮ್ಮ ಸ್ಟ್ಯಾಂಡು, ನಿಮ್ಮ ಆಂಪು, ನಿಮ್ಮ ಕುರ್ಚಿ ಹಾಗೇ ಇರಲಿ, ಸ್ಪೀಕರ್ ಮಾತ್ರ ಬದಲಾಗಲಿ. ವಾಲ್ಯೂಮ್ ಗುಂಡಿಯನ್ನು ಮುಟ್ಟಬೇಡಿ. ಒಂದು ಡೆಸಿಬೆಲ್ ಜೋರಿದ್ದರೂ ಕಿವಿ ಅದನ್ನೇ ಚೆನ್ನಾಗಿದೆ ಎನ್ನುತ್ತದೆ. ಹತ್ತು ಹಾಡು ಬೇಡ, ನೀವು ವರ್ಷಗಳಿಂದ ಕೇಳುತ್ತಿರುವ ಒಂದೇ ವಿಳಂಬಿತ ಖ್ಯಾಲ್ ಸಾಕು. ಪೂರ್ತಿ ಕೇಳಿ. ಅರ್ಧ ಗಂಟೆಯಾದ ಮೇಲೆ ಇನ್ನೂ ಕೇಳಬೇಕು ಅನ್ನಿಸುತ್ತದೋ ಇಲ್ಲವೋ ನೋಡಿ, ನಿಮ್ಮ ದೂರು ಇದ್ದದ್ದೇ ಅದರ ಬಗ್ಗೆ.

ಹಳೆಯ ಜೋಡಿಯನ್ನು ಮೆಟಾ ಮನೆಗೆ ಬಂದು ಒಂದು ತಿಂಗಳಾಗುವವರೆಗೂ ಮಾರಬೇಡಿ. ಎಲ್‌ಎಸ್50ಗೆ ಹಳೆಯ ಮಾರುಕಟ್ಟೆಯಲ್ಲಿ ಗಿರಾಕಿಗಳು ಇದ್ದೇ ಇರುತ್ತಾರೆ, ಅವಸರ ಇಲ್ಲ. ಮೂಲ ಡಬ್ಬ, ಥರ್ಮೊಕೋಲ್, ಬಿಲ್ ಇದ್ದರೆ ಹುಡುಕಿಡಿ. ಡ್ರೈವರಿನ ಮುಂದೆ ಜಾಲರಿ ಇಲ್ಲ, ನೋಡಲು ಬಂದವರು ಟ್ವೀಟರ್ ಡೋಮ್ ಮೇಲೆ ಬೆರಳಿಡದ ಹಾಗೆ ನೋಡಿಕೊಳ್ಳಿ. ಒಮ್ಮೆ ತಗ್ಗು ಬಿದ್ದರೆ ಡ್ರೈವರನ್ನೇ ಬದಲಾಯಿಸಬೇಕಾಗುತ್ತದೆ.